ಕುಡಿಯದ ಕಾಕಾನ ಜೊತೆ ಲಿಮೂ ಪ್ರವಾಸ

ಗುರುವಾರ

ತುಲೂಸ್ ಬಿಟ್ಟು ಆಗ್ನೇಯಕ್ಕೆ ಹೊರಟರೆ ಹೆದ್ದಾರಿಗೆ ಜೋಡಿಯಾಗಿ ಮಿದಿ ಕಾಲುವೆ ಬರುತ್ತದೆ. 1681ರಲ್ಲಿ ತೆರೆದದ್ದು. ನೊರೂಜ್ ಎಂಬಲ್ಲಿ ದಿಬ್ಬದ ನೆತ್ತಿಗೆ ಬೆಟ್ಟದ ನೀರು ತಂದು ಬಿಟ್ಟಿದ್ದಾರೆ. ಅಲ್ಲಿಂದ ಒಂದು ಪಾಲು ಅಟ್ಲಾಂಟಿಕ್ ಕಡೆಗೆ ಇಳಿಯುತ್ತದೆ, ಇನ್ನೊಂದು ಮೆಡಿಟರೇನಿಯನ್ ಕಡೆಗೆ.

"ಮೋಟರ್ ಇಲ್ದನ?" ಅಂದರು ಕಾಕಾ.

ಇಲ್ಲ ಅಂದೆ. ವಿಜಯಪುರದ ತಿಕೋಟಾ ಕಡೆಯ ಮನುಷ್ಯ. ಎಂಟುನೂರು ಅಡಿ ಬೋರು ಕೊರೆಸಿ, ಅದು ಒಣಗಿದ ವರ್ಷ ಟ್ಯಾಂಕರ್ ನೀರು ಹೊಡೆಸಿ ದ್ರಾಕ್ಷಿ ಉಳಿಸಿಕೊಂಡವರು. ನೀರು ಸುಮ್ಮನೆ ತಾನೇ ಹರಿದು ಹೋಗುವುದನ್ನು ಬಹಳ ಹೊತ್ತು ನೋಡಿದರು.

ತೋಟ ಈಗ ಅವರ ಮಗನ ಕೈಯಲ್ಲಿದೆ. ಮಾರ್ಚ್ ಅಂದರೆ ಊರಲ್ಲಿ ಕಟಾವು ನಡೆದು, ಹಣ್ಣು ಶೆಡ್ಡಿನ ಜಾಲರಿಯ ಮೇಲೆ ಮಣೂಕ, ಅಂದರೆ ಒಣದ್ರಾಕ್ಷಿ, ಆಗುತ್ತಾ ಬಿದ್ದಿರುವ ಕಾಲ. ಇಂಥ ಹೊತ್ತಿನಲ್ಲಿ ಕಾಕಾ ಊರು ಬಿಟ್ಟದ್ದೇ ದೊಡ್ಡದು. ಬಿಟ್ಟು ಬಂದರೂ ದಿನಕ್ಕೆ ಹತ್ತು ಸಲ ಫೋನು: ಮೋಡ ಐತೇನು, ತಾಡಪಾಲ ಕಟ್ಟೀರೇನು, ತಾಸಗಾಂವ ಹರಾಜಿನ್ಯಾಗ ರೇಟ್ ಏನ್ ನಡದೈತಿ. ತುಲೂಸಿನ ವಿಮಾನ ಕಂಪನಿಗಳಲ್ಲಿ ದುಡಿಯುವ ನಮ್ಮಂಥವರ ಮನೆಗೆ ಊರಿನಿಂದ ಹಿರಿಯರು ಬಂದರೆ ಪ್ಯಾರಿಸ್ಸು, ಲೂರ್ದು ತೋರಿಸುವುದು ವಾಡಿಕೆ. ಕಾಕಾ ಕೇಳಿದ್ದು ಒಂದೇ: "ಇಲ್ಲಿ ದ್ರಾಕ್ಷಿ ಮಂದಿ ಹ್ಯಾಂಗ ಬದುಕ್ತಾರ, ಅದನ್ನ ತೋರ್ಸು."

ಬೋರ್ದೋ ತೋರಿಸಬಹುದಿತ್ತು. ಅಲ್ಲಿ ಕೋಟೆಯಂಥ ಮನೆಗಳಿವೆ, ರೈತ ಕಣ್ಣಿಗೆ ಬೀಳುವುದು ಕಷ್ಟ. ಲಿಮೂದಲ್ಲಿ ಹಾಗಲ್ಲ. ಪಿರನೀಸ್ ಪರ್ವತದ ತಪ್ಪಲಲ್ಲಿ, ಓದ್ ನದಿಯ ದಂಡೆಯ ಮೇಲೆ, ಕಾರ್ಕಸೋನ್‌ನಿಂದ ಸುಮಾರು 25 ಕಿಲೋಮೀಟರ್ ದಕ್ಷಿಣಕ್ಕಿರುವ ಸಣ್ಣ ಊರು. ಅಲ್ಲಿನ ನೊರೆಯ ವೈನಿನ ಹೆಸರು ಬ್ಲಾಂಕೆಟ್ ದ ಲಿಮೂ. ಅದರಲ್ಲಿ ಬಹುದೊಡ್ಡ ಪಾಲು ಹೊರಬರುವುದು ಸಣ್ಣ ಸಣ್ಣ ಬೆಳೆಗಾರರು ಸೇರಿ ಕಟ್ಟಿಕೊಂಡ ಸಹಕಾರಿ ಸಂಘದಿಂದ.

ಇನ್ನೊಂದು ಮಾತು. ಕಾಕಾ ಕುಡಿಯುವುದಿಲ್ಲ. ಇಷ್ಟಲಿಂಗ ಕಟ್ಟಿಕೊಂಡವರು, ಜೀವನದಲ್ಲಿ ಒಂದು ಹನಿ ಮುಟ್ಟಿಲ್ಲ. ವೈನಿನ ಊರಿಗೆ ಅಂಥವರನ್ನು ಕರೆದುಕೊಂಡು ಹೋಗುವುದು ಹ್ಯಾಗೆ ಅಂತ ನನ್ನ ಹೆಂಡತಿಗೆ ಅನುಮಾನವಿತ್ತು. "ಸಕ್ಕರಿ ಕಾರ್ಖಾನಿ ನೋಡಾಕ ಸಕ್ಕರಿ ರೋಗದಾವ್ರು ಹೋಗಂಗಿಲ್ಲೇನು?" ಅಂದು ಚೀಲ ಹೆಗಲಿಗೇರಿಸಿದರು.

ಸಂಜೆಗೆ ಲಿಮೂ ತಲುಪಿ ರಿಪಬ್ಲಿಕ್ ಚೌಕದ ಹತ್ತಿರ ಕೋಣೆ ಹಿಡಿದೆವು. ಚೌಕದ ಸುತ್ತ ಕಮಾನಿನ ಪಡಸಾಲೆ, ಅದರಡಿ ಕೆಫೆಗಳು. ನೆಲದ ಸಂದಿಯಲ್ಲೆಲ್ಲ ಬಣ್ಣದ ಕಾಗದದ ಚೂರು ಸಿಕ್ಕಿಕೊಂಡಿತ್ತು. ಯಾಕೆ ಅನ್ನುವುದು ಭಾನುವಾರ ಗೊತ್ತಾಗಲಿತ್ತು.

ಶುಕ್ರವಾರ

ಬೆಳಗ್ಗೆ ಸಾಂತಿಲೇರ್. ಲಿಮೂದಿಂದ ಹತ್ತು ಹನ್ನೆರಡು ಕಿಲೋಮೀಟರ್ ಇರುವ ಹಳ್ಳಿ. ಅಲ್ಲೊಂದು ಬೆನೆಡಿಕ್ಟೀನ್ ಸನ್ಯಾಸಿಗಳ ಹಳೆಯ ಮಠ. ಜಗತ್ತಿನ ಮೊಟ್ಟಮೊದಲ ನೊರೆವೈನು ಹುಟ್ಟಿದ್ದು ಈ ಮಠದಲ್ಲೇ, 1531ರಲ್ಲಿ ಅಂತ ಊರಿನ ಫಲಕಗಳೆಲ್ಲ ಸಾರುತ್ತವೆ.

ಮಠದ ಒಳಾಂಗಣ 14ನೇ ಶತಮಾನದ್ದು. ಕಮಾನುಗಳು ಜೋಡಿಗಂಬಗಳ ಮೇಲೆ ನಿಂತಿವೆ. ನನಗೆ ಹೆಚ್ಚು ಹಿಡಿಸಿದ್ದು ಒಳಗಿರುವ ಬಿಳಿ ಅಮೃತಶಿಲೆಯ ಒಂದು ಪೆಟ್ಟಿಗೆ. ಕಾಬೆಸ್ತಾನಿಯ ಶಿಲ್ಪಿ ಎಂದಷ್ಟೇ ಗುರುತಿರುವ, ಸ್ವಂತ ಹೆಸರು ಉಳಿಯದ ಒಬ್ಬ ಕೆಲಸಗಾರ 12ನೇ ಶತಮಾನದಲ್ಲಿ ಕೊರೆದದ್ದು. ತುಲೂಸಿನ ಮೊದಲ ಬಿಷಪ್ ಸಂತ ಸೆರ್ನಾಂನನ್ನು ಗೂಳಿಗೆ ಕಟ್ಟಿ ಎಳೆಸಿ ಕೊಂದ ಕಥೆ ಅದರ ಮೇಲಿದೆ. ನಾನು ದಿನಾ ಓಡಾಡುವ ತುಲೂಸಿನ ಬೀದಿಗೆ ಆ ಗೂಳಿಯದೇ ಹೆಸರು. ಕಾಕಾ ಸಂತನನ್ನು ಬಿಟ್ಟು ಗೂಳಿಯನ್ನೇ ನೋಡಿದರು. "ಕೆತ್ತಿದಾವ ಎತ್ತು ಸಾಕಿದಾವ ಇರಬೇಕು. ಹೆಗಲ ನೋಡು."

ಬಂಡೆ ಕೊರೆದು ಮಾಡಿದ ನೆಲಮಾಳಿಗೆಯನ್ನೂ ತೋರಿಸುತ್ತಾರೆ. ಒಳಗೆ ತಣ್ಣಗೆ, ಕತ್ತಲು. ಇಲ್ಲಿ ನಿಂತು ಆ 1531ರ ದಾವೆಯನ್ನು ಯೋಚಿಸಿದರೆ ನನಗೆ ಅನ್ನಿಸುವುದು ಇಷ್ಟು. ನೊರೆಯನ್ನು ಯಾರೂ ಕಂಡುಹಿಡಿಯಬೇಕಾಗಿರಲಿಲ್ಲ. ಶರತ್ಕಾಲದಲ್ಲಿ ಹಿಂಡಿದ ರಸ ಹುದುಗುತ್ತಿರುವಾಗಲೇ ಚಳಿ ಬೀಳುತ್ತದೆ, ಯೀಸ್ಟು ಅರ್ಧಕ್ಕೇ ಮಲಗುತ್ತದೆ. ವಸಂತದಲ್ಲಿ ಬಿಸಿಲೇರಿದಾಗ ಉಳಿದ ಸಕ್ಕರೆ ಮತ್ತೆ ಹುದುಗುತ್ತದೆ, ಗಾಳಿ ಹೊರಡುತ್ತದೆ. ಅಷ್ಟರಲ್ಲಿ ಬಾಯಿ ಬಿಗಿದಿಟ್ಟಿದ್ದರೆ ಆ ಗಾಳಿ ಒಳಗೇ ಕೂರಬೇಕು. ಬೇಕಾದದ್ದು ಗಟ್ಟಿ ಬಿರಡೆ. ಬಿರಡೆಯ ತೊಗಟೆ ಕೊಡುವ ಓಕ್ ಮರಗಳ ಕಾಡು ದಕ್ಷಿಣಕ್ಕೆ ಕ್ಯಾಟಲೋನಿಯಾದ ಕಡೆ ಹತ್ತಿರದಲ್ಲೇ ಇದೆ. ಹಾಗಾಗಿ ಸನ್ಯಾಸಿಗಳು ಜಾಣರಾಗಿದ್ದರು ಅನ್ನುವುದಕ್ಕಿಂತ ಅವರ ಜಾಗ ಅನುಕೂಲವಾಗಿತ್ತು ಅನ್ನುವುದು ಸರಿ.

ಶಾಂಪೇನ್ ಸೀಮೆಯ ಸನ್ಯಾಸಿ ಡಾಂ ಪೆರಿನ್ಯೋಂ ಇಲ್ಲಿಗೆ ಯಾತ್ರೆ ಬಂದು ಗುಟ್ಟು ಕದ್ದುಕೊಂಡು ಹೋದ ಅಂತ ಒಂದು ಕಥೆ ಊರಿನವರ ಬಾಯಲ್ಲಿದೆ. ಪುರಾವೆ ಏನೂ ಇಲ್ಲ. ಆತ ಅಲ್ಲಿನ ಓವಿಲೇ ಮಠಕ್ಕೆ ಬಂದದ್ದು 1668ರಲ್ಲಿ; ಅವನ ಕಾಲದಲ್ಲಿ ನೊರೆ ಅನ್ನುವುದು ವೈನಿನ ದೋಷ, ಅದನ್ನು ತಡೆಯುವುದೇ ಅವನ ಕೆಲಸದ ಒಂದು ಭಾಗವಾಗಿತ್ತು. ಸಕ್ಕರೆ ಹಾಕಿದರೆ ವೈನು ನೊರೆಯೇಳುತ್ತದೆ ಅಂತ ಬರೆದಿಟ್ಟವನು ಕ್ರಿಸ್ಟೋಫರ್ ಮೆರೆಟ್ ಎಂಬ ಇಂಗ್ಲಿಷಿನವ, 1662ರಲ್ಲಿ. ಹಿಂಗೆ ಎಲ್ಲರೂ ಒಂದೊಂದು ಚೂರು ಹಕ್ಕು ಸಾಧಿಸುತ್ತಾರೆ. ಕಾಕಾಗೆ ಇದೆಲ್ಲ ಹೇಳಿದೆ. "ಮೊದಲ ಯಾರು ಮಾಡಿದ್ರು ಬಿಡು. ಈಗ ಯಾರ ಕೈಯಾಗ ಐತಿ?"

ಮಧ್ಯಾಹ್ನ ಮಠದಿಂದ ಹಿಂದಿರುಗುವಾಗ ರಸ್ತೆ ಬದಿಯ ತೋಟದಲ್ಲಿ ಒಬ್ಬ ಹಿರಿಯ ಕತ್ತರಿ ಹಿಡಿದು ಬಳ್ಳಿ ಸವರುತ್ತಿದ್ದ. ಕಾಕಾ ಕಾರು ನಿಲ್ಲಿಸು ಅಂದರು. ನಾನು ಪರಿಚಯ ಹೇಳುವಷ್ಟರಲ್ಲಿ ಇವರು ಸಾಲಿನೊಳಗೆ ಇಳಿದಾಗಿತ್ತು.

ಆಮೇಲೆ ನಡೆದದ್ದು ಇಬ್ಬರು ರೈತರ ಮಾತು. ನಾನು ನಡುವೆ ದುಭಾಷಿ. ಕತ್ತರಿಸಿದ ತುದಿಗಳಲ್ಲಿ ನೀರು ಜಿನುಗುತ್ತಿತ್ತು. ಕಾಕಾ ಅದನ್ನು ಬೆರಳಿಂದ ಮುಟ್ಟಿ, ನಮ್ಮಲ್ಲೂ ಹೀಗೇ, ಆದರೆ ವರ್ಷಕ್ಕೆ ಎರಡು ಸಲ ಅಂದರು. ಸವರುವುದಕ್ಕೆ ನಮ್ಮಲ್ಲಿ ಚಾಟ್ನಿ ಅನ್ನುತ್ತಾರೆ. ವಿಜಯಪುರದಲ್ಲಿ ಏಪ್ರಿಲ್ ಚಾಟ್ನಿ ಒಂದು, ಅಕ್ಟೋಬರ್ ಚಾಟ್ನಿ ಇನ್ನೊಂದು. ನಮ್ಮ ಬಳ್ಳಿಗೆ ಚಳಿಗಾಲದ ನಿದ್ದೆ ಇಲ್ಲ. ಅಕ್ಟೋಬರಿನಲ್ಲಿ ಸವರಿ, ಬಳ್ಳಿಯ ಕಣ್ಣಿಗೆ, ಅಂದರೆ ಚಿಗುರೊಡೆಯುವ ಮೊಗ್ಗಿಗೆ, ಡಾರ್ಮೆಕ್ಸ್ ಎಂಬ ಔಷಧ ಹಚ್ಚಿ ಬಲವಂತವಾಗಿ ಎಬ್ಬಿಸಬೇಕು. ಆ ಮುದುಕ ನಕ್ಕ. ಇಲ್ಲಿ ಆ ಕೆಲಸ ಪಿರನೀಸ್‌ನ ಹಿಮ ಪುಕ್ಕಟೆ ಮಾಡಿಕೊಡುತ್ತದೆ ಅಂದ.

ಬೇರಿನ ಮಾತು ಬಂತು. 1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಹೇನು ಫ್ರಾನ್ಸಿನ ಬಳ್ಳಿಗಳ ಬೇರು ತಿಂದು ಹಾಕಿತು. ಕಡೆಗೆ ಉಳಿದ ಉಪಾಯ ಅಮೆರಿಕದ್ದೇ ಬೇರು ನೆಟ್ಟು, ಅದರ ಮೇಲೆ ತಮ್ಮ ಬಳ್ಳಿಯ ಕಸಿ ಕಟ್ಟುವುದು. ಈಗ ಇಲ್ಲಿನ ಬಹುತೇಕ ತೋಟ ನಿಂತಿರುವುದು ಹಾಗೆ. ಇದನ್ನು ಕೇಳಿದ್ದೇ ಕಾಕಾ ಮುಖ ಅರಳಿತು. "ಡಾಗ್ರಿಜ್!" ಅಂದರು. ವಿಜಯಪುರ, ಸಾಂಗಲಿ ಕಡೆ ಉಪ್ಪುನೀರು ಮತ್ತು ಬರ ತಾಳಲಿ ಅಂತ ನೆಡುವ ಬೇರು ಅದು, ಮೂಲ ಟೆಕ್ಸಾಸಿನದು. ಮುದುಕನಿಗೂ ಹೆಸರು ಗೊತ್ತಿತ್ತು. ಅಲ್ಲಿಂದ ನನ್ನ ಅನುವಾದ ಅವರಿಗೆ ಹೆಚ್ಚು ಬೇಕಾಗಲಿಲ್ಲ. ಬೆರಳು, ಕತ್ತರಿ, ಕಣ್ಣು, ಇವಿಷ್ಟರಲ್ಲೇ ಮಾತು ಸಾಗಿತು.

ಕಾಕಾ ನಂಬದೇ ಹೋದದ್ದು ಎರಡು ಸಂಗತಿ. ಒಂದು, ಎಕರೆಗೆ ಇಷ್ಟೇ ಇಳುವರಿ ತೆಗೆಯಬೇಕು ಅಂತ ಕಾನೂನಿದೆ ಅನ್ನುವುದು. "ಕಡಿಮಿ ಬೆಳಿ ಅಂತ ಸರಕಾರ ಹೇಳತೈತಿ?" ಎರಡನೆಯದು, ನೊರೆವೈನಿಗೆ ಹಣ್ಣು ಹುಳಿ ಇರುವಾಗಲೇ ಕೀಳುವುದು. ಹಣ್ಣಿನ ಸಿಹಿ ಅಳೆಯುವುದು ಬ್ರಿಕ್ಸ್ ಎಂಬ ಅಳತೆಯಲ್ಲಿ. ಮಣೂಕಕ್ಕೆ ನಾವು 22 ಬ್ರಿಕ್ಸ್ ದಾಟಲಿ ಅಂತ ಕಾಯುತ್ತೇವೆ. ಇವರು 17, 18ಕ್ಕೆಲ್ಲ ಕೈ ಹಾಕುತ್ತಾರೆ. ಮತ್ತೆ ಬಾಟಲಿಯಲ್ಲಿ ಎರಡನೇ ಸಲ ಹುದುಗಿಸುವಾಗ ಸಕ್ಕರೆ ಹಾಕಲೇಬೇಕು, ಮದ್ಯಾಂಶ ಏರಲೇಬೇಕು. ಅದಕ್ಕೆ ಶುರುವಿನಲ್ಲಿ ಸಿಹಿ ಕಡಿಮೆ ಇರಬೇಕು, ಹುಳಿ ಉಳಿದಿರಬೇಕು. ಕಟಾವು ಕೈಯಿಂದಲೇ, ಇಡೀ ಗೊಂಚಲು ಒಡೆಯದ ಹಾಗೆ.

ಬಳ್ಳಿ ಮೋಜಾಕ್ ತಳಿಯದು. ಶತಮಾನಗಳಿಂದ ಈ ಸೀಮೆಯಲ್ಲಿದೆ. ಎಲೆಯ ಹಿಂಬದಿಯಲ್ಲಿ ಬಿಳಿ ನವಿರು ಇರುತ್ತದಂತೆ. ಮಾರ್ಚಿನಲ್ಲಿ ನೋಡಲು ಎಲೆ ಎಲ್ಲಿದೆ?

ಹೊರಡುವ ಮುಂಚೆ ಕಾಕಾ ಕೇಳಿಸಿದ ಪ್ರಶ್ನೆ: "ಮಾಲು ಯಾರಿಗೆ ಕೊಡ್ತೀರಿ, ರೇಟ್ ಯಾರು ಕಟ್ತಾರ?" ಮುದುಕ ಕೆಳಗೆ ಲಿಮೂ ಕಡೆಗೆ ಕತ್ತರಿ ತೋರಿಸಿದ. ಸಂಘಕ್ಕೆ. ರೇಟು ಕಟ್ಟುವವರೂ ನಾವೇ, ಅದಕ್ಕೇ ಬೈಯಲು ಬೇರೆ ಯಾರೂ ಸಿಗುವುದಿಲ್ಲ ಅಂದ.

ಶನಿವಾರ

ಸಿಯೂರ್ ದಾರ್ಕ್ ಎಂಬುದು ಲಿಮೂದ ಸಹಕಾರಿಯ ಹೆಸರು. ಸಂಘ ಶುರುವಾದದ್ದು 1946ರಲ್ಲಿ, ಯುದ್ಧ ಮುಗಿದ ಮರುವರ್ಷ. ಅದಕ್ಕೂ ಮುಂಚೆ, 1938ರಲ್ಲೇ, ಬ್ಲಾಂಕೆಟ್‌ಗೆ ಊರಿನ ಹೆಸರಿನ ಕಾನೂನು ರಕ್ಷಣೆ ಸಿಕ್ಕಿತ್ತು. ಸುತ್ತಲಿನ ನಲವತ್ತು ಚಿಲ್ಲರೆ ಹಳ್ಳಿಗಳಲ್ಲಿ ಬೆಳೆದದ್ದಕ್ಕೆ ಮಾತ್ರ ಆ ಹೆಸರು.

ಈ ಊರಲ್ಲಿ ಮೂರು ಬಗೆಯ ನೊರೆವೈನು ಆಗುತ್ತದೆ. ಅಂಗಡಿಯಲ್ಲಿ ಗೊಂದಲವಾಗದಿರಲಿ ಅಂತ ಹೇಳುತ್ತೇನೆ. ಬ್ಲಾಂಕೆಟ್ ದ ಲಿಮೂದಲ್ಲಿ ನೂರಕ್ಕೆ ಕನಿಷ್ಠ 90 ಪಾಲು ಮೋಜಾಕ್ ಇರಬೇಕು, ಉಳಿದದ್ದು ಶಾರ್ಡನೇ, ಶೆನಾಂ ಎಂಬ ತಳಿಗಳು. ಬಾಟಲಿ ಯೀಸ್ಟಿನ ಗಸಿಯ ಮೇಲೆ ಕನಿಷ್ಠ 9 ತಿಂಗಳು ಮಲಗಿರಬೇಕು. ಕ್ರೆಮಾಂ ದ ಲಿಮೂ 1990ರಲ್ಲಿ ಬಂದ ಹೊಸಬ. ಇದರಲ್ಲಿ ಶಾರ್ಡನೇ, ಶೆನಾಂಗಳದೇ ದರ್ಬಾರು, ಮೋಜಾಕ್ ಮೂಲೆ ಸೇರಿದೆ. ಮೂರನೆಯದು ಪುರಾತನ ವಿಧಾನದ ಬ್ಲಾಂಕೆಟ್. ಪೂರ್ತಿ ಮೋಜಾಕ್, ಹೊರಗಿನ ಸಕ್ಕರೆ ಇಲ್ಲ. ಮೊದಲ ಹುದುಗು ಮುಗಿಯುವ ಮುನ್ನವೇ ಬಾಟಲಿಗೆ ತುಂಬುತ್ತಾರೆ, ಹಳೆಯ ಪದ್ಧತಿಯಂತೆ ಮಾರ್ಚಿನ ಕೃಷ್ಣಪಕ್ಷದಲ್ಲಿ. ಮದ್ಯಾಂಶ ಶೇಕಡಾ 6, 7 ಮಾತ್ರ, ಸಿಹಿ ಉಳಿದಿರುತ್ತದೆ. ಸಾಂತಿಲೇರ್ ಮಠದವರು ಕುಡಿದದ್ದು ಇದಕ್ಕೆ ಹತ್ತಿರದ್ದೇ ಇರಬೇಕು. ಕೃಷ್ಣಪಕ್ಷದ ಮಾತು ಕೇಳಿ ಕಾಕಾ ತಲೆಯಾಡಿಸಿದರು. ಅವರೂ ಪಂಚಾಂಗ ನೋಡದೆ ಬೀಜ ಹಾಕುವವರಲ್ಲ.

ಉಗ್ರಾಣದ ಕೆಲಸ ಸರಳವಾಗಿ ಹೇಳುವುದಾದರೆ ಹೀಗೆ. ಮೊದಲು ಮಾಮೂಲಿ ಹುಳಿ ವೈನು. ಅದನ್ನು ಬಾಟಲಿಗೆ ತುಂಬಿ, ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ ಮತ್ತು ಯೀಸ್ಟ್ ಹಾಕಿ ಮುಚ್ಚುತ್ತಾರೆ. ಒಳಗೆ ಮತ್ತೆ ಹುದುಗಿ 6 ಬಾರ್‌ವರೆಗೆ ಒತ್ತಡ ಏರುತ್ತದೆ. ಅದಕ್ಕೇ ಗಾಜು ಅಷ್ಟು ದಪ್ಪ. ಸತ್ತ ಯೀಸ್ಟಿನ ಜೊತೆ ಮಲಗಿದಷ್ಟೂ ರುಚಿ ತುಂಬುತ್ತದೆ. ಆಮೇಲೆ ಬಾಟಲಿಗಳನ್ನು ನಿಧಾನವಾಗಿ ತಿರುಗಿಸುತ್ತಾ ತಲೆಕೆಳಗು ಮಾಡಿದರೆ ಗಸಿಯೆಲ್ಲ ಕುತ್ತಿಗೆಗೆ ಇಳಿಯುತ್ತದೆ. ಹಿಂದೆ ಕೈಯಿಂದ ತಿರುಗಿಸುತ್ತಿದ್ದರು, ಈಗ ಕಬ್ಬಿಣದ ಪಂಜರಗಳಲ್ಲಿ ಯಂತ್ರ ತಿರುಗಿಸುತ್ತದೆ. ಕುತ್ತಿಗೆಯನ್ನಷ್ಟೇ ಹಿಮಗಟ್ಟಿಸಿ ಮುಚ್ಚಳ ತೆಗೆದರೆ ಗಸಿಯ ಹಿಮದ ಗುಂಡು ಫಟ್ಟನೆ ಹಾರುತ್ತದೆ. ಕಡಿಮೆಯಾದದ್ದನ್ನು ತುಂಬಿಸಿ, ರುಚಿಗೆ ತಕ್ಕ ಸಿಹಿ ಸೇರಿಸಿ ಬಿರಡೆ ಹೊಡೆಯುತ್ತಾರೆ.

ಕಾಕಾ ಇದನ್ನೆಲ್ಲ ಕೇಳಿ ಲೆಕ್ಕ ಹಾಕಿದರು. "ಸೆಪ್ಟೆಂಬರದಾಗ ಹಣ್ಣು ಕೊಟ್ಟಾರ. ಮಾಲು ಅಂಗಡಿಗೆ ಹೋಗೂದು ವರ್ಷ ಬಿಟ್ಟು. ಅಲ್ಲೀತನ ರೈತ ಏನ್ ತಿಂತಾನ?"

ಇಡೀ ಪ್ರವಾಸದಲ್ಲಿ ಯಾರೂ ಕೇಳದ, ಕೇಳಲೇಬೇಕಾದ ಪ್ರಶ್ನೆ ಇದೇ ಅಂತ ನನಗೆ ಈಗಲೂ ಅನ್ನಿಸುತ್ತದೆ. ನೊರೆವೈನಿನ ನಿಜವಾದ ಕಚ್ಚಾಮಾಲು ದ್ರಾಕ್ಷಿಯಲ್ಲ, ಕಾಯುವ ತಾಕತ್ತು. ಎರಡು ಮೂರು ಎಕರೆಯವನು ಒತ್ತುಯಂತ್ರ ಕೊಳ್ಳಲಾರ, ಲಕ್ಷಗಟ್ಟಲೆ ಬಾಟಲಿ ಮಲಗಿಸುವ ಮಾಳಿಗೆ ಕಟ್ಟಲಾರ, ಮುಖ್ಯವಾಗಿ ವರ್ಷಗಟ್ಟಲೆ ಹಣಕ್ಕೆ ಕಾಯಲಾರ. ಕಾಯಲಾರದವನ ಹಣ್ಣನ್ನು ಕಾಯಬಲ್ಲವನು ತಾನು ಹೇಳಿದ ಬೆಲೆಗೆ ಕೊಳ್ಳುತ್ತಾನೆ. ಸಂಘ ಮಾಡುವುದು ಕಾಯುವ ಕೆಲಸವನ್ನು ಹಂಚಿಕೊಳ್ಳುವುದು. ಫ್ರಾನ್ಸಿನ ಇಂಥ ಸಂಘಗಳಲ್ಲಿ ಹಣ್ಣಿನ ದುಡ್ಡು ಸದಸ್ಯರಿಗೆ ಒಮ್ಮೆಲೇ ಬರುವುದಿಲ್ಲ. ವರ್ಷದುದ್ದಕ್ಕೂ ಕಂತುಗಳಲ್ಲಿ ಬರುತ್ತದೆ. ಬದಲಿಗೆ ಸದಸ್ಯನೂ ಮಾತು ಕೊಟ್ಟಿರುತ್ತಾನೆ: ಒಪ್ಪಿಕೊಂಡ ತೋಟದ ಹಣ್ಣು ಸಂಘಕ್ಕೇ, ರೇಟು ಏರಿದ ವರ್ಷ ಹೊರಗೆ ಮಾರುವ ಹಾಗಿಲ್ಲ. ತೋಟ ಎಷ್ಟೇ ಇರಲಿ, ತಲೆಗೊಂದು ಮತ ಅನ್ನುವುದು ಮೂಲ ತತ್ವ.

ಎಲ್ಲ ಬಂಗಾರ ಅಂತಲ್ಲ. 2010ರಲ್ಲಿ ಕಾರ್ಕಸೋನ್ ನ್ಯಾಯಾಲಯ ಈ ಸೀಮೆಯ ಹಲವು ವೈನ್ ವ್ಯಾಪಾರಿ, ಉತ್ಪಾದಕರಿಗೆ ಶಿಕ್ಷೆ ಕೊಟ್ಟಿತು. ಮೆರ್ಲೋ, ಸಿರಾ ತಳಿಗಳ ವೈನನ್ನು ದುಬಾರಿ ಪಿನೋ ನ್ವಾರ್ ತಳಿಯದು ಅಂತ ಹೇಳಿ ಅಮೆರಿಕದ ಗ್ಯಾಲೋ ಕಂಪನಿಗೆ ಮಾರಿದ ಪ್ರಕರಣ. ಶಿಕ್ಷೆಗೊಳಗಾದವರಲ್ಲಿ ಸಿಯೂರ್ ದಾರ್ಕ್ ಕೂಡ ಇತ್ತು. ಅದು ನೊರೆಯ ವೈನಲ್ಲ, ಆದರೂ ಸಂಘದ ಹೆಸರು ಅದೇ. ಕಾಕಾಗೆ ಹೇಳಿದೆ. ಅವರಿಗೆ ಆಶ್ಚರ್ಯವಾಗಲಿಲ್ಲ. "ಸಂಘ ಅಂದಮ್ಯಾಲ ಚೇರಮನ್ ಇರ್ತಾನ, ಚೇರಮನ್ ಅಂದಮ್ಯಾಲ ಇದೆಲ್ಲ ಇರ್ತೈತಿ. ಅದಕ್ಕ ಸಭಾಕ್ಕ ಹೋಗಬೇಕು. ನಾವು ಹೋಗೂದಿಲ್ಲ."

ಒಳ್ಳೆಯದನ್ನೂ ಹೇಳಬೇಕಲ್ಲ. 1990ರಿಂದ ಈ ಸಂಘ ತೋಕ್ ಎ ಕ್ಲೋಶೇ ಅಂತ ಹರಾಜು ನಡೆಸುತ್ತದೆ. ಶಾರ್ಡನೇ ವೈನಿನ ಪೀಪಾಯಿಗಳನ್ನು ಹರಾಜು ಹಾಕಿ, ಬಂದ ಹಣದ ಪಾಲಿನಿಂದ ವರ್ಷಕ್ಕೊಂದು ಹಳ್ಳಿಯ ಚರ್ಚಿನ ಗಂಟೆಗೋಪುರ ದುರಸ್ತಿ ಮಾಡಿಸುತ್ತಾರೆ. ಹಿಂದಿನ ದಿನ ದಾರಿಯಲ್ಲಿ ಕಂಡ ಚೊಕ್ಕ ಗೋಪುರಗಳ ಗುಟ್ಟು ಇದೇ ಇರಬೇಕು.

ರುಚಿ ನೋಡುವ ಕಟ್ಟೆಗೆ ಬಂದೆವು. ಕಾರು ನಡೆಸುವವನು ನಾನೇ, ಫ್ರಾನ್ಸಿನಲ್ಲಿ ಮದ್ಯದ ಮಿತಿ ಲೀಟರ್ ರಕ್ತಕ್ಕೆ 0.5 ಗ್ರಾಂ. ಹಾಗಾಗಿ ಗುಟುಕು ತೆಗೆದುಕೊಂಡು ಬಾಯಲ್ಲಿ ಆಡಿಸಿ ಅಲ್ಲಿಟ್ಟ ಪಾತ್ರೆಗೆ ಉಗುಳಿದೆ. "ರೊಕ್ಕದ ಮಾಲು ಉಗಳ್ತೀಯಲ್ಲೋ," ಅಂತ ಕಾಕಾಗೆ ಸಂಕಟ. ಆದರೆ ಗ್ಲಾಸು ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದರು. "ಮುಟ್ಟಂಗಿಲ್ಲ, ವಾಸನಿಗೆ ದೋಷ ಇಲ್ಲ." ಕಣ್ಣು ಮುಚ್ಚಿದರು. "ಸೇಬಿನ ಸಿಪ್ಪಿ. ಹಸರ ಸೇಬು. ಹಿಂದ ಹುಲ್ಲು ಕೊಯ್ದಂಗ."

ಕಟ್ಟೆಯ ಹಿಂದಿದ್ದ ಹೆಣ್ಣುಮಗಳಿಗೆ ಅನುವಾದಿಸಿದೆ. ಮೋಜಾಕ್ ಬಗ್ಗೆ ತಿಳಿದವರೆಲ್ಲ ಹೇಳುವ ಮೊದಲ ಮಾತು ಅದೇ, ಹಸಿರು ಸೇಬಿನ ಸಿಪ್ಪೆ. ಆಕೆ ಕಾಕಾನ ಮುಂದೆ ಇನ್ನೆರಡು ಗ್ಲಾಸು ಇಟ್ಟಳು. ಕ್ರೆಮಾಂ ಮೂಸಿ, "ಇದು ಶಾಣ್ಯಾ ಹುಡುಗ, ಆದ್ರ ಯಾವ ಊರಾವ ಅಂತ ಗೊತ್ತಾಗಂಗಿಲ್ಲ" ಅಂದರು. ನನಗೂ ಅದೇ ಅಭಿಪ್ರಾಯ. ಕ್ರೆಮಾಂ ನಯವಾಗಿದೆ, ಎಲ್ಲರಿಗೂ ಇಷ್ಟವಾಗುತ್ತದೆ. ಆದರೆ ಲಿಮೂಗೆ ಬಂದು ಶಾರ್ಡನೇ ಯಾಕೆ? ಹತ್ತು ಯೂರೋ ಆಸುಪಾಸಿನ ಬ್ಲಾಂಕೆಟ್ ಬ್ರೂಟ್, ಅಂದರೆ ಸಿಹಿ ತೀರ ಕಡಿಮೆ ಇರುವ ಬಗೆ, ಕೊಡುವ ಒರಟು ಸೇಬಿನ ರುಚಿ ಬೇರೆ ಕಡೆ ಸಿಕ್ಕುವುದಿಲ್ಲ. ಪುರಾತನ ವಿಧಾನದ್ದನ್ನು ಮೂಸಿದಾಗ ಮಾತ್ರ ಕಾಕಾ ಗ್ಲಾಸು ಬೇಗ ಕೆಳಗಿಡಲಿಲ್ಲ.

ಭಾನುವಾರ

ಬೆಳಗ್ಗೆ ಊರಿನಿಂದ ಫೋನು. ಮೋಡ ಕಟ್ಟಿದೆ, ಶೆಡ್ಡಿಗೆ ಹೊದಿಕೆ ಇಳಿಸಿದ್ದಾರೆ. ಕಾಕಾ ಕಾಫಿ ಅರ್ಧಕ್ಕೆ ಬಿಟ್ಟು ಹೊರಗೆ ಹೋಗಿ ಮಾತಾಡುತ್ತಿದ್ದರು. ಅಷ್ಟರಲ್ಲಿ ಚೌಕದಲ್ಲಿ ಬ್ಯಾಂಡು ಶುರುವಾಯಿತು.

ಲಿಮೂದ ಕಾರ್ನಿವಾಲ್ ಜನವರಿಯಲ್ಲಿ ಹತ್ತಿದರೆ ಮೂರು ತಿಂಗಳ ಹತ್ತಿರ, ವಾರಾಂತ್ಯಗಳಲ್ಲೆಲ್ಲ ನಡೆಯುತ್ತದೆ. ಪ್ರತಿ ವಾರ ಒಂದೊಂದು ತಂಡದ ಸರದಿ. ಬೆಳಗ್ಗೆ, ಸಂಜೆ, ರಾತ್ರಿ ಮೂರು ಸಲ ಹೊರಡುತ್ತಾರೆ. ಮುಖವಾಡ ಹಾಕಿ, ಪಿಯೆರೋ ಎಂಬ ವಿದೂಷಕನ ವೇಷ ತೊಟ್ಟು, ಕೈಯಲ್ಲಿ ಕರಬೇನ್ ಎಂಬ ಉದ್ದನೆ ಜೊಂಡಿನ ಕೋಲು ಹಿಡಿದು, ಕಮಾನುಗಳಡಿ ಒಂದು ಕೆಫೆಯಿಂದ ಇನ್ನೊಂದಕ್ಕೆ ಹೋಗುವುದು. ಎಷ್ಟು ನಿಧಾನ ಅಂದರೆ ನಡೆಯುತ್ತಿದ್ದಾರೋ ನಿಂತಿದ್ದಾರೋ ತಿಳಿಯದು. ಹಿಂದೆ ವಾದ್ಯದವರು. ಯಾರು ಒಳಗಿದ್ದಾರೆ ಗೊತ್ತಾಗದ ಮುಖವಾಡ ಹತ್ತಿರ ಬಂದು ಕೋಲಿನಿಂದ ಹೆಗಲು ತಟ್ಟಿ, ತಲೆ ಮೇಲೆ ಕಾಗದದ ಚೂರು ಸುರಿದು ಹೋಗುತ್ತದೆ. ಕಾಕಾನ ಬಿಳಿ ಟೋಪಿ ಮೇಲೆ ಒಂದು ಮುಷ್ಟಿ ಬಿತ್ತು. ಅವರು ಫೋನು ಕಿವಿಯಿಂದ ತೆಗೆಯದೆ ನಕ್ಕರು.

ಕೊನೆಯ ರಾತ್ರಿಗೆ ಬ್ಲಾಂಕೆಟ್ ರಾತ್ರಿ ಅಂತ ಹೆಸರು. ಕಾರ್ನಿವಾಲಿನ ರಾಜನ ಗೊಂಬೆಯನ್ನು ಚೌಕಕ್ಕೆ ತಂದು, ಸೀಮೆಯ ಹಳೆಯ ಭಾಷೆಯಾದ ಆಕ್ಸಿತಾನಿನಲ್ಲಿ ಅವನ ಮೇಲೆ ವಿಚಾರಣೆ ನಡೆಸಿ, ಶಿಕ್ಷೆ ಹೇಳಿ ಸುಡುತ್ತಾರೆ. ಬ್ಲಾಂಕೆಟ್ ಬಾಟಲಿಗಳು ತೆರೆಯುತ್ತವೆ. ಇದನ್ನು ಕೇಳಿದ ಕಾಕಾಗೆ ವಿವರಣೆ ಬೇಕಾಗಲಿಲ್ಲ: "ಹೋಳಿ ಹುಣ್ಣಿವಿಗೆ ಕಾಮಣ್ಣನ್ನ ಸುಟ್ಟಂಗ. ಹಲಗಿ ಒಂದು ಇಲ್ಲ."

ಕೆಫೆಯಲ್ಲಿ ಬ್ಲಾಂಕೆಟ್ ಜೊತೆ ಪೆಬ್ರದೂ ಎಂಬ ತಿನಿಸು ಕೊಟ್ಟರು. ಕಾಳುಮೆಣಸು ಹಾಕಿದ ಸಣ್ಣ ಗಟ್ಟಿ ಬಳೆ. ಕಾಕಾ ಒಂದು ಬುಟ್ಟಿ ಖಾಲಿ ಮಾಡಿದರು. ಮೆಣಸಿನ ಬಿಸಿ, ಉಪ್ಪು, ಆಮೇಲೆ ತಣ್ಣನೆ ಹುಳಿ ನೊರೆ, ಮೂರೂ ಚೆನ್ನಾಗಿ ಹೊಂದುತ್ತವೆ. ನಮ್ಮ ಪಶ್ಚಿಮ ಕರಾವಳಿಯ ಮೆಣಸು ಹಿಂದೊಮ್ಮೆ ಹಡಗಿನಲ್ಲಿ ಬಂದು ಇಲ್ಲಿನ ಬಿಸ್ಕತ್ತಿಗೆ ಹೊಕ್ಕು ಇವರದೇ ಆಗಿಬಿಟ್ಟಿದೆ.

ಸೋಮವಾರ

ವಾಪಸು ತುಲೂಸಿಗೆ ನೇರ ಬರಬಹುದಿತ್ತು. ಕಾಕಾಗೆ ಇನ್ನೊಂದು ಜಾಗ ತೋರಿಸಬೇಕೆನ್ನಿಸಿ ಪೂರ್ವಕ್ಕೆ ತಿರುಗಿಸಿದೆ. ನಾರ್ಬೊನ್ ಮೇಲೆ ಹಾದು ಬೆಜಿಯೆ ಪಕ್ಕದ ಮರೋಸಾಂ ಹಳ್ಳಿಗೆ.

ದಾರಿಯಲ್ಲಿ 1907ರ ಕಥೆ ಹೇಳಿದೆ. ಆಗ ಈ ಸೀಮೆಯಲ್ಲಿ ವೈನಿನ ಬೆಲೆ ನೆಲಕಚ್ಚಿತ್ತು. ಒಂದು ಕಡೆ ಅತಿಯಾದ ಬೆಳೆ, ಇನ್ನೊಂದು ಕಡೆ ಸಕ್ಕರೆ ನೀರಿನ ಕಲಬೆರಕೆ ವೈನು. ಅರ್ಜೆಲಿಯೆ ಹಳ್ಳಿಯ ಮಾರ್ಸೆಲಾಂ ಅಲ್ಬೇರ್ ಎಂಬ ಬೆಳೆಗಾರ, ಕೆಫೆ ನಡೆಸುತ್ತಿದ್ದವ, ರೈತರನ್ನು ಎಬ್ಬಿಸಿದ. ಜೂನ್ 9ರಂದು ಮೋಂಪೆಲಿಯೆಯಲ್ಲಿ ಲಕ್ಷಾಂತರ ಜನ ಸೇರಿದರು. ಕೆಲವೇ ದಿನಗಳಲ್ಲಿ ನಾರ್ಬೊನ್‌ನಲ್ಲಿ ಸೈನಿಕರು ಗುಂಡು ಹಾರಿಸಿ ಆರು ಮಂದಿ ಸತ್ತರು. ಇದೇ ನಾಡಿನ ಹುಡುಗರಿದ್ದ 17ನೇ ಕಾಲ್ದಳ ಸರಕಾರದ ವಿರುದ್ಧ ತಿರುಗಿ ಬಿತ್ತು. ಆಮೇಲಿನ ದಶಕಗಳಲ್ಲಿ ಲಾಂಗ್ದೋಕ್ ಎಂಬ ಈ ಸೀಮೆಯ ಹಳ್ಳಿ ಹಳ್ಳಿಯಲ್ಲಿ ಸಹಕಾರಿ ವೈನ್ ಮಾಳಿಗೆಗಳು ಎದ್ದವು. ಕಾಕಾ ನರಗುಂದದ 1980ರ ರೈತ ಬಂಡಾಯ ನೆನಪಿಸಿಕೊಂಡರು, ಆಮೇಲೆ ಸುಮಾರು ದೂರ ಮಾತಿಲ್ಲ.

ಮರೋಸಾಂ ಈ ಎಲ್ಲ ಗದ್ದಲಕ್ಕೂ ಮುಂಚಿನದು. 1901ರಲ್ಲಿ ಇಲ್ಲಿನ ಸಣ್ಣ ಬೆಳೆಗಾರರು ಸಂಘ ಕಟ್ಟಿ, ದಲ್ಲಾಳಿಗಳನ್ನು ಬಿಟ್ಟು, ಪ್ಯಾರಿಸ್ಸಿನ ಗ್ರಾಹಕ ಸಹಕಾರಿಗಳಿಗೆ ನೇರವಾಗಿ ವೈನು ಮಾರತೊಡಗಿದರು. 1905ರಲ್ಲಿ ಕಲ್ಲಿನ ಮಾಳಿಗೆ ಎದ್ದಿತು. ಆ ವರ್ಷವೇ ಸಮಾಜವಾದಿ ನಾಯಕ ಜಾನ್ ಜೋರೆಸ್ ಬಂದು ನೋಡಿ ಹೋದ. ಕಟ್ಟಡ ಇನ್ನೂ ಇದೆ. ಮುಂಭಾಗದ ಮೇಲಿನ ಅಕ್ಷರಗಳನ್ನು ಓದಿ ಹೇಳಿದೆ: ಪ್ರತಿಯೊಬ್ಬನಿಗಾಗಿ ಎಲ್ಲರು, ಎಲ್ಲರಿಗಾಗಿ ಪ್ರತಿಯೊಬ್ಬ.

"ಇದು ನಮ್ಮ ಸೊಸೈಟಿ ಬೋರ್ಡಿನ ಮ್ಯಾಲ ಐತಲ್ಲೋ."

ಇರಲೇಬೇಕು. ಗದಗದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ತೆರೆದದ್ದೂ 1905ರಲ್ಲೇ. ಇವರ ಹೆಸರು ಅವರು ಕೇಳಿರಲಿಕ್ಕಿಲ್ಲ, ಅವರ ಹೆಸರು ಇವರು. ಆದರೆ ಸಾಲ ಕೊಡುವ ಸಂಘದಲ್ಲೇ ನಾವು ನಿಂತೆವು ಅನ್ನುವುದು ಕಾಕಾನ ದೂರು. ಬೀಜಕ್ಕೆ, ಗೊಬ್ಬರಕ್ಕೆ ಸೊಸೈಟಿ ಇದೆ. ಮಣೂಕ ಕಾಯಿಸಿ ಮಾರುವುದಕ್ಕೆ ಬಂದರೆ ಪ್ರತಿಯೊಬ್ಬನೂ ತನ್ನ ತನ್ನ ಪೆಟ್ಟಿಗೆ ಹೊತ್ತು ತಾಸಗಾಂವ, ಸಾಂಗಲಿಯ ಹರಾಜಿಗೆ ಹೋಗುತ್ತಾನೆ. ಶೀತಗೃಹದ ಬಾಡಿಗೆ, ಬ್ಯಾಂಕಿನ ಬಡ್ಡಿ ಒಂದರ ಮೇಲೊಂದು ಏರುವಾಗ ಸಿಕ್ಕ ಬೆಲೆಗೆ ಕೊಡುತ್ತಾನೆ. ಆ ಕಟ್ಟಡದ ಎದುರು ನಿಂತೇ ಮಗನಿಗೆ ಫೋನು ಹಚ್ಚಿದರು. ಮೋಡ ಸರಿದಿತ್ತು. ಬಾಜೂ ತೋಟದ ನಾಲ್ಕು ಮಂದಿ ಕೂಡಿ ಮಾಲು ಒಟ್ಟಿಗೆ ಹಿಡಿದಿಟ್ಟರೆ ಹ್ಯಾಂಗ ಅಂತ ಕೇಳಿದರು. ಆ ಕಡೆಯಿಂದ ಬಂದ ಉತ್ತರ ನನಗೂ ಕೇಳಿಸಿತು: ಒಬ್ಬನ ಮಗಳ ಮದುವೆ ಮೇ ತಿಂಗಳಲ್ಲಿ, ಅವನು ತಡೆಯಲಾರ.

ಮಂಗಳವಾರ

ತುಲೂಸಿನ ಮನೆಗೆ ಕನ್ನಡದ ಗೆಳೆಯರು ಊಟಕ್ಕೆ ಬಂದಿದ್ದರು. ಲಿಮೂದಿಂದ ತಂದ ಬಾಟಲಿ ತೆರೆಯುವ ಕೆಲಸವನ್ನು ಕಾಕಾ ತಾವೇ ತೆಗೆದುಕೊಂಡರು, ಕಟ್ಟೆಯ ಹೆಣ್ಣುಮಗಳು ತೋರಿಸಿಕೊಟ್ಟ ಪ್ರಕಾರ. ಬಾಟಲಿ ಮೂರು ತಾಸು ಫ್ರಿಜ್ಜಿನಲ್ಲಿದ್ದು 6ರಿಂದ 8 ಡಿಗ್ರಿ ತಣ್ಣಗಿತ್ತು. ಬೆಚ್ಚಗಿದ್ದರೆ ಅರ್ಧ ನೊರೆ ನೆಲದ ಪಾಲು. ತಂತಿಯ ಬುಟ್ಟಿ ಸಡಿಲಿಸುವಾಗಲೇ ಹೆಬ್ಬೆರಳು ಬಿರಡೆಯ ಮೇಲೆ. ಬಾಟಲಿ ಓರೆ, ಬಾಯಿ ಯಾರ ಮುಖದ ಕಡೆಗೂ ಇಲ್ಲ. ಬಿರಡೆ ಗಟ್ಟಿ ಹಿಡಿದು ಬಾಟಲಿಯ ಬುಡವನ್ನು ತಿರುಗಿಸಬೇಕು. ಸಿನಿಮಾದ ಹಾಗೆ ಢಂ ಅನ್ನಿಸುವುದು ವೈನು ಚೆಲ್ಲುವವರ ಚಾಳಿ. ಕಾಕಾನ ಕೈಯಲ್ಲಿ ಉಸ್ಸೆಂದಿತು, ಅಷ್ಟೇ.

ಗ್ಲಾಸಿನ ಬಗ್ಗೆ ನನ್ನ ಪಕ್ಷಪಾತ ಹೇಳುತ್ತೇನೆ. ಕೊಳವೆಯಂತೆ ಸಪೂರವಾದ ಗ್ಲಾಸಿನಲ್ಲಿ ಗುಳ್ಳೆ ಚೆಂದ ಕಾಣುತ್ತದೆ, ವಾಸನೆ ಸಿಕ್ಕುವುದಿಲ್ಲ. ತಟ್ಟೆಯಂತೆ ಅಗಲವಾದದ್ದರಲ್ಲಿ ಎರಡೂ ಹಾರಿ ಹೋಗುತ್ತವೆ. ನಡುವೆ ಉಬ್ಬಿ ಬಾಯಿ ಕಿರಿದಾಗುವ ಮಾಮೂಲಿ ವೈನ್ ಗ್ಲಾಸು ಸಾಕು. ಪಾತ್ರೆ ತೊಳೆಯುವ ಸಾಬೂನು ಉಳಿದಿದ್ದರೆ ನೊರೆ ಸಾಯುತ್ತದೆ, ಬಿಸಿನೀರಲ್ಲಿ ಚೆನ್ನಾಗಿ ಜಾಲಿಸಿ ಒಣಗಿಸಿ. ಉಳಿದ ಬಾಟಲಿಯ ಬಾಯಿಗೆ ಚಮಚ ಸಿಕ್ಕಿಸಿಟ್ಟರೆ ಗಾಳಿ ಹೋಗುವುದಿಲ್ಲ ಅನ್ನುವುದು ಶುದ್ಧ ಸುಳ್ಳು. ಕೊಂಡಿ ಇರುವ ಬಿರಡೆ ತನ್ನಿ, ಮರುದಿನ ಮುಗಿಸಿ. ಬ್ಲಾಂಕೆಟ್ ವರ್ಷಗಟ್ಟಲೆ ಕೂಡಿಡುವ ಮಾಲಲ್ಲ.

ಊಟದ ಜೊತೆ ಏನು? ಮೆಣಸಿನಕಾಯಿ ಭಜಿಗೆ ಬ್ರೂಟ್ ಕೆಟ್ಟ ಜೋಡಿ. ಹಸಿಮೆಣಸಿನ ಉರಿಯ ಮೇಲೆ ನೊರೆ ಬಿದ್ದರೆ ನಾಲಿಗೆ ಇನ್ನಷ್ಟು ಉರಿಯುತ್ತದೆ. ಗೆಳೆಯನೊಬ್ಬ ಮೊಸರಿಗೆ ಓಡಿದ. ಅದೇ ಬ್ರೂಟ್ ಉಪ್ಪು, ಎಣ್ಣೆ, ಗರಿ ಇರುವ ಮದ್ದೂರು ವಡೆ, ಚಕ್ಕುಲಿ, ಹುರಿದ ಗೋಡಂಬಿಗೆ ಹೇಳಿ ಮಾಡಿಸಿದ್ದು. ಎಣ್ಣೆಯನ್ನು ಹುಳಿ ಕತ್ತರಿಸಿ ಬಾಯಿ ಶುಚಿ ಮಾಡುತ್ತದೆ. ಖಾರ ಬೇಕೇ ಬೇಕು ಅನ್ನುವವರು ಪುರಾತನ ವಿಧಾನದ ಸಿಹಿ ಬ್ಲಾಂಕೆಟ್ ಹಿಡಿಯಬೇಕು: ಮದ್ಯಾಂಶ ಕಡಿಮೆ, ಸಿಹಿ ಉರಿಯನ್ನು ತಣಿಸುತ್ತದೆ. ಕಡಲೆಬೇಳೆ ಹೋಳಿಗೆಗೂ ಅದೇ ಸೈ, ತುಪ್ಪ ಹಾಕದೆ. ಬೆಂಗಳೂರಿನಲ್ಲಿ ಬ್ಲಾಂಕೆಟ್ ಹುಡುಕುತ್ತಾ ಕೂರಬೇಡಿ. ನಾಸಿಕದ ಸುಲಾ, ಶಾಂಡೋನ್‌ಗಳ ಬ್ರೂಟಿಗೂ ಇದೇ ಮಾತು ಅನ್ವಯ. ಸೇಬಿನ ಸಿಪ್ಪೆ ಮಾತ್ರ ನಿರೀಕ್ಷಿಸಬೇಡಿ.

ಕಾಕಾ ಮಜ್ಜಿಗೆ ಕುಡಿದರು. ಗೆಳೆಯರ ಗ್ಲಾಸುಗಳನ್ನು ಒಂದೊಂದಾಗಿ ಮೂಸಿ, ಯಾವುದು ಬ್ಲಾಂಕೆಟ್, ಯಾವುದು ಕ್ರೆಮಾಂ ಅಂತ ಹೇಳುವ ಆಟಕ್ಕೆ ಕೂತರು. ಎಲ್ಲವೂ ಸರಿ ಬಂತು. ಹತ್ತೂವರೆಗೆ ಎದ್ದು, ಊರಲ್ಲಿ ಬೆಳಗಾಗುವುದರೊಳಗೆ ಒಂದು ನಿದ್ದೆ ತೆಗೆಯಬೇಕು, ಆ ಮದುವೆ ಮನೆಯವನ ಹತ್ತಿರ ತಾವೇ ಮಾತಾಡಿ ನೋಡಬೇಕು ಅಂದರು. ಅವನ ಪಾಲಿಗೆ ಮೇ ತಿಂಗಳ ಮಟ್ಟಿಗೆ ಉಳಿದ ಮೂವರು ಮುಂಗಡ ಕೊಟ್ಟರೆ ಎಷ್ಟು ಬೀಳುತ್ತದೆ ಅನ್ನುವ ಲೆಕ್ಕ ಪೆಬ್ರದೂ ಪೊಟ್ಟಣದ ಹಿಂದೆ ಬರೆದಿಟ್ಟಿದ್ದರು.